ಗಂಡಸರನ್ನು ಯಾರೂ ಕೇಳದ ಪ್ರಶ್ನೆ

ಮುಂಬಯಿಯ ಲೋಕಲ್ ಗಾಡಿಗಳಲ್ಲಿ ಮೂವತ್ತು ನಲವತ್ತು ವರ್ಷ ಓಡಾಡಿದ ನಮ್ಮವರಿಗೆಲ್ಲ ಹಳಿಯ ಪಕ್ಕದ ಗೋಡೆಬರಹಗಳು ಬಾಯಿಪಾಠವಾಗಿರುತ್ತವೆ. ಗುಪ್ತರೋಗಕ್ಕೆ ಖಚಿತ ಚಿಕಿತ್ಸೆ, ಕಮಜೋರಿಗೆ ರಾಮಬಾಣ, ಮದುವೆಗೆ ಮುಂಚೆ ಮತ್ತು ಮದುವೆಯ ನಂತರ ಒಮ್ಮೆ ಭೇಟಿ ಕೊಡಿ ಎಂಬ ಆಹ್ವಾನ. ಹೆಂಡತಿ ಮಕ್ಕಳು ಜತೆಗಿದ್ದರೆ ನಾವು ಮೆಲ್ಲನೆ ಆಚೆಯ ಕಿಟಕಿಯ ಕಡೆಗೆ ಮುಖ ತಿರುಗಿಸುತ್ತಿದ್ದೆವು. ಆ ಬರಹಗಳಿಗೂ ಚರಿತ್ರೆಗೂ ನಂಟಿದೆಯೆಂದು ನಾನಂತೂ ಎಣಿಸಿರಲಿಲ್ಲ.

ಕಳೆದ ದೀಪಾವಳಿಯ ಮರುದಿನ ನನ್ನ ಹಳೆಯ ಸ್ನೇಹಿತರೊಬ್ಬರ ಮಗಳು ಮನೆಗೆ ಬಂದಳು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡ ಚೆನ್ನಾಗಿಯೇ ಬರುತ್ತದೆ. ಪಿಎಚ್.ಡಿ. ಮಾಡುತ್ತಿದ್ದಾಳೆ. "ವಿಷಯ ಯಾವುದು ಮಗಾ?" ಎಂದು ಕೇಳಿದೆ. "ಗಂಡಸುತನ ಮತ್ತು ಎಚ್.ಐ.ವಿ. ತಡೆ, ಮಾಮ" ಎಂದಳು. ನನ್ನ ಹೆಂಡತಿ ಚಹಾದ ಲೋಟ ಇಟ್ಟವಳು ಒಳಗೆ ಹೋದಳು. ನಾನೂ ತಡವರಿಸಿದೆ. ರೋಗವೆಂದರೆ ಕ್ರಿಮಿ, ಔಷಧ, ಆಸ್ಪತ್ರೆ. ಅದರಲ್ಲಿ ಗಂಡಸುತನದ ಮಾತೇಕೆ?

ಅವಳು ನಕ್ಕು ಕೇಳಿದಳು: "ನೀವು ಊರಿನಿಂದ ಬಂದ ಹೊಸದರಲ್ಲಿ ಹೋಟೆಲಿನ ಹುಡುಗರ ಜತೆ ರೂಮಿನಲ್ಲಿದ್ದಿರಲ್ಲ ಮಾಮ. ಆಗ ನಿಮ್ಮನ್ನು ಯಾರಾದರೂ ಈ ರೋಗದ ಬಗ್ಗೆ ಏನಾದರೂ ಕೇಳಿದ್ದರೇ?"

ಇಲ್ಲ, ಯಾರೂ ಕೇಳಿರಲಿಲ್ಲ. ಆ ಒಂದು ಪ್ರಶ್ನೆಯ ಬೆನ್ನು ಹತ್ತಿ ನಾನು ಕೆಲವು ತಿಂಗಳು ಓದಿದೆ, ಅವಳೊಡನೆ ಚರ್ಚಿಸಿದೆ. ಅದರ ಫಲವನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂಥ ವಿಷಯವೆ ಎಂದು ಹುಬ್ಬೇರಿಸುವವರು ಕೊನೆಯತನಕ ಓದಿ, ಆಮೇಲೆ ಬೈಯಬೇಕಾಗಿ ವಿನಂತಿ.

ಹಳೆಯ ಕಾನೂನು, ಹಳೆಯ ಲೆಕ್ಕಾಚಾರ

ಈ ಕಥೆ ಏಡ್ಸ್‌ನಿಂದ ಆರಂಭವಾಗುವುದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಸರಕಾರಕ್ಕೆ ತನ್ನ ಸಿಪಾಯಿಗಳ ಮೇಹರೋಗ ದೊಡ್ಡ ತಲೆನೋವಾಗಿತ್ತು. ರೋಗ ತಡೆಯಲು 1864ರಲ್ಲಿ ದಂಡುಪ್ರದೇಶಗಳಿಗೆ ಅನ್ವಯಿಸುವ ಕಾಯಿದೆ ಬಂತು. 1868ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯ ಮೂಲಕ ಅದೇ ಪದ್ಧತಿ ದೊಡ್ಡ ನಗರಗಳಿಗೂ ಹಬ್ಬಿತು. ಬೀದಿಯ ಹೆಂಗಸರು ಸರಕಾರದ ದಫ್ತರಿನಲ್ಲಿ ಹೆಸರು ಬರೆಸಬೇಕು, ಗೊತ್ತುಪಡಿಸಿದ ದಿನ ವೈದ್ಯರ ತಪಾಸಣೆಗೆ ಬರಬೇಕು, ರೋಗ ಕಂಡರೆ 'ಲಾಕ್ ಆಸ್ಪತ್ರೆ'ಯಲ್ಲಿ ಇರಬೇಕು. ತಪ್ಪಿದರೆ ದಂಡ, ಸೆರೆವಾಸ. ಮುಂಬಯಿಯಲ್ಲಿ ಈ ಕಾಯಿದೆ ಬಂದು, ನಿಂತು, ಮತ್ತೆ ಬಂತು. ಬೆಂಗಳೂರಿನ ದಂಡಿನಲ್ಲಿಯೂ ಅಂಥ ಆಸ್ಪತ್ರೆಯಿತ್ತು.

ಅಲ್ಲಿಗೆ ಹೋಗುತ್ತಿದ್ದ ಸಿಪಾಯಿಯ ಗತಿಯೇನು? ಅವನನ್ನೂ ಹೀಗೆಯೇ ಕಡ್ಡಾಯವಾಗಿ ತಪಾಸಣೆ ಮಾಡುವ ಮಾತು ಬಂದಾಗ, ಅದು ಗಂಡಸಿನ ಮರ್ಯಾದೆಗೆ ಕುಂದು, ಸೈನ್ಯದ ಸ್ಥೈರ್ಯಕ್ಕೆ ಧಕ್ಕೆ ಎಂಬ ಆಕ್ಷೇಪ ಎದ್ದಿತು. ರೋಗ ಇಬ್ಬರದು, ತಪಾಸಣೆ ಒಬ್ಬಳದು. ಇಂಗ್ಲೆಂಡಿನಲ್ಲಿ ಜೋಸೆಫಿನ್ ಬಟ್ಲರ್ ಎಂಬ ಮಹಿಳೆ ಇದನ್ನು ಪ್ರತಿಭಟಿಸಿ ವರ್ಷಗಟ್ಟಲೆ ಹೋರಾಡಿದ ಮೇಲೆ 1886ರಲ್ಲಿ ಅಲ್ಲಿಯ ಕಾಯಿದೆ ರದ್ದಾಯಿತು. ನಮ್ಮ ದೇಶದ ಕಾಯಿದೆ ಹೋದದ್ದು 1888ರಲ್ಲಿ. ಕಾಯಿದೆ ಹೋಯಿತು, ರೋಗ ಹೆಣ್ಣಿನಿಂದ ಹುಟ್ಟುತ್ತದೆ, ಗಂಡಸಿಗೆ ತಗಲುತ್ತದೆ ಎಂಬ ನಂಬಿಕೆ ಮಾತ್ರ ಹೋಗಲಿಲ್ಲ.

ಆ ನಂಬಿಕೆಯನ್ನು ಕೆಣಕಿದವರಲ್ಲಿ ಮುಂಬಯಿಯ ರಘುನಾಥ ಧೋಂಡೋ ಕರ್ವೆಯವರ ಹೆಸರನ್ನು ಮೊದಲು ಹೇಳಬೇಕು. ಗಣಿತದ ಪ್ರಾಧ್ಯಾಪಕರು. 1921ರಲ್ಲಿ ಸಂತತಿ ನಿಯಂತ್ರಣದ ಸಲಹಾ ಕೇಂದ್ರ ತೆರೆದರು, ಕಾಲೇಜಿನ ಕೆಲಸ ಕಳೆದುಕೊಂಡರು. 1927ರಿಂದ 1953ರಲ್ಲಿ ತೀರಿಕೊಳ್ಳುವವರೆಗೆ 'ಸಮಾಜ ಸ್ವಾಸ್ಥ್ಯ' ಎಂಬ ಮರಾಠಿ ಮಾಸಿಕವನ್ನು ನಡೆಸಿದರು. ಅಶ್ಲೀಲತೆಯ ಆರೋಪದ ಮೇಲೆ ಅವರನ್ನು ನ್ಯಾಯಾಲಯಕ್ಕೆ ಎಳೆದಾಗ, 1934ರ ಮೊಕದ್ದಮೆಯಲ್ಲಿ ಅವರ ಪರ ವಾದಿಸಿದವರು ಡಾ. ಬಾಬಾಸಾಹೇಬ ಅಂಬೇಡ್ಕರರು. ದಾಂಪತ್ಯದ ವಿಷಯದಲ್ಲಿ ಗಂಡಸು ತಿಳಿಯಬೇಕಾದದ್ದು ಬೇಕಾದಷ್ಟಿದೆ ಎಂದು ಬರೆದದ್ದಕ್ಕೆ ಆ ಕಾಲದಲ್ಲಿ ತೆತ್ತ ಬೆಲೆ ಇದು. ನಮ್ಮ ಮೈಸೂರು ಸಂಸ್ಥಾನದ ಸರಕಾರ 1930ರಲ್ಲಿಯೇ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಆಜ್ಞೆ ಮಾಡಿತ್ತು ಎಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬಹುದು.

ಸ್ವಾತಂತ್ರ್ಯದ ನಂತರ 1968ರಲ್ಲಿ 'ನಿರೋಧ್' ಬಂತು. ಮೂರಕ್ಕೆ ಹದಿನೈದು ಪೈಸೆ. ಚಹಾಪುಡಿ, ಸಾಬೂನು, ಬ್ಯಾಟರಿ ಮಾರುವ ಕಂಪೆನಿಗಳ ಗಾಡಿಗಳಲ್ಲಿ ಅದು ಹಳ್ಳಿಯ ಅಂಗಡಿಗಳನ್ನು ತಲುಪಿತು. ಮುಂದೆ 1985ರಲ್ಲಿ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿ ಸರಕಾರಿ ಕಾರ್ಖಾನೆಯೂ ಆರಂಭವಾಯಿತು. ಆದರೆ ನಡುವೆ ತುರ್ತುಪರಿಸ್ಥಿತಿ ಬಂದು ಹೋಗಿತ್ತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು, ಹೆಚ್ಚಿನವು ಗಂಡಸರಿಗೆ. ಬಲಾತ್ಕಾರದ ಕಥೆಗಳು ಊರೂರಿಗೆ ಹಬ್ಬಿದವು, ಸರಕಾರವೇ ಬಿತ್ತು. ಅಲ್ಲಿಂದ ಮುಂದೆ ಯಾವ ಅಧಿಕಾರಿಯೂ ಗಂಡಸರ ಹತ್ತಿರ ಈ ಮಾತು ಎತ್ತುವ ಧೈರ್ಯ ಮಾಡಲಿಲ್ಲ. ಕುಟುಂಬ ಯೋಜನೆಯ ಭಾರವೆಲ್ಲ ಹೆಂಗಸರ ಹೊಟ್ಟೆಯ ಮೇಲೆ ಬಿತ್ತು. ಏಡ್ಸ್ ನಮ್ಮ ದೇಶದ ಬಾಗಿಲು ತಟ್ಟುವ ಹೊತ್ತಿಗೆ ಪರಿಸ್ಥಿತಿ ಹೀಗಿತ್ತು.

ಒಬ್ಬ ವಿದ್ಯಾರ್ಥಿನಿಯ ಪ್ರಬಂಧ

1981ರ ಜೂನ್‌ನಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಐವರು ಯುವಕರಿಗೆ ಅಪರೂಪದ ನ್ಯುಮೋನಿಯಾ ಬಂದ ವರದಿ ಪ್ರಕಟವಾಯಿತು. 1983ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಅದರ ವೈರಸ್ಸನ್ನು ಕಂಡುಹಿಡಿದರು. ಇದು ಪಾಶ್ಚಾತ್ಯರ ಸ್ವೇಚ್ಛಾಚಾರದ ರೋಗ, ನಮ್ಮ ಸಂಸ್ಕೃತಿಯೇ ನಮಗೆ ಕವಚ ಎಂದು ನಮ್ಮಲ್ಲಿ ದೊಡ್ಡ ದೊಡ್ಡವರೂ ನಂಬಿದ್ದರು.

ಆ ಕವಚದ ತೂತನ್ನು ತೋರಿಸಿದವಳು ಒಬ್ಬ ವಿದ್ಯಾರ್ಥಿನಿ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಸೂಕ್ಷ್ಮಜೀವಿ ಶಾಸ್ತ್ರ ಓದುತ್ತಿದ್ದ ಸೆಲ್ಲಪ್ಪನ್ ನಿರ್ಮಲಾ. ಆಕೆಯ ಪ್ರಬಂಧಕ್ಕೆ ಈ ವಿಷಯ ಸೂಚಿಸಿದವರು ಪ್ರಾಧ್ಯಾಪಕಿ ಡಾ. ಸುನೀತಿ ಸಾಲೊಮನ್. ಸೆರೆಯಲ್ಲಿಟ್ಟಿದ್ದ ಲೈಂಗಿಕ ವೃತ್ತಿಯ ಹೆಂಗಸರಿಂದ ನಿರ್ಮಲಾ ರಕ್ತದ ಮಾದರಿ ತೆಗೆದರು. ಇಡಲು ಬೇರೆ ಅನುಕೂಲವಿಲ್ಲದೆ ಮನೆಯ ಫ್ರಿಜ್ಜಿನಲ್ಲಿ ಇಟ್ಟರು. ಪರೀಕ್ಷೆಯ ಸೌಕರ್ಯ ಮದ್ರಾಸಿನಲ್ಲಿ ಇಲ್ಲದುದರಿಂದ ಗಂಡನ ಜತೆ ರಾತ್ರಿಯ ರೈಲು ಹಿಡಿದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಒಯ್ದರು. ಆರು ಮಾದರಿಗಳಲ್ಲಿ ಸೋಂಕು ಕಂಡಿತು. ಅದು 1986. ಭಾರತದಲ್ಲಿ ಎಚ್.ಐ.ವಿ. ಪತ್ತೆಯಾದದ್ದು ಹೀಗೆ. ಇಷ್ಟು ದೊಡ್ಡ ಸಂಗತಿಗೆ ಕಾರಣವಾದದ್ದು ಒಂದು ಪದವಿ ಪ್ರಬಂಧ ಎಂದು ಓದಿದಾಗ, ನನ್ನೆದುರು ಕುಳಿತಿದ್ದ ಹುಡುಗಿಯ ಬಗ್ಗೆ ನನ್ನ ಗೌರವ ಹೆಚ್ಚಿತು.

ಆ ಆರು ಹೆಂಗಸರಿಗೆ ಸೋಂಕು ತಂದವರು ಗಂಡಸರೇ ತಾನೆ? ಅವರು ಯಾರು, ಎಲ್ಲಿಗೆ ಹೋದರು, ಅವರ ಮನೆಯಲ್ಲಿ ಯಾರಿದ್ದರು ಎಂಬ ಪ್ರಶ್ನೆ ಆಗ ದೊಡ್ಡದಾಗಿ ಏಳಲಿಲ್ಲ. ಭಯ ಮಾತ್ರ ಎದ್ದಿತು. 1989ರಲ್ಲಿ ಗೋವೆಯಲ್ಲಿ ಡೊಮಿನಿಕ್ ಡಿಸೋಜಾ ಎಂಬ ಯುವಕ ರಕ್ತದಾನ ಮಾಡಿದಾಗ ಸೋಂಕು ಪತ್ತೆಯಾಗಿ, ಅಲ್ಲಿಯ ಆರೋಗ್ಯ ಕಾಯಿದೆಯ ಪ್ರಕಾರ ಅವನನ್ನು ಒಂಟಿಯಾಗಿ 64 ದಿನ ಕೂಡಿಹಾಕಿದರು. ತಾಯಿ ಮುಂಬಯಿ ಹೈಕೋರ್ಟಿನ ಮೊರೆಹೊಕ್ಕರು. ಅವನು 1992ರಲ್ಲಿ ತೀರಿಕೊಂಡ. ಅದೇ 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಸ್ಥಾಪನೆಯಾಯಿತು. ರೋಗ ಹೆಚ್ಚಾಗಿ ಹಬ್ಬಿದ ಆರು ರಾಜ್ಯಗಳೆಂದು ಮಹಾರಾಷ್ಟ್ರ, ತಮಿಳುನಾಡು, ಆಂಧ್ರಪ್ರದೇಶ, ಕರ್ನಾಟಕ, ಮಣಿಪುರ, ನಾಗಾಲ್ಯಾಂಡ್‌ಗಳನ್ನು ಗುರುತಿಸಿದರು. ನಮ್ಮ ಊರೂ ಆ ಪಟ್ಟಿಯಲ್ಲಿ, ನಾವು ಬಂದು ನೆಲಸಿದ ಊರೂ ಆ ಪಟ್ಟಿಯಲ್ಲಿ.

ನಾವು ಎಣಿಸದ ಕನ್ನಡಿಗರು

ಇಲ್ಲಿ ನಮ್ಮ ಸಂಘಗಳ ಬಗ್ಗೆ ಒಂದು ಮಾತು. ಮುಂಬಯಿ ಕನ್ನಡಿಗರ ಚರಿತ್ರೆ ಬರೆಯುವಾಗ ನಾವು ಹೋಟೆಲಿನವರನ್ನು, ಬ್ಯಾಂಕಿನವರನ್ನು, ರಾತ್ರಿಶಾಲೆಯ ಮೇಷ್ಟ್ರುಗಳನ್ನು, ಯಕ್ಷಗಾನದ ಮೇಳಗಳನ್ನು ಎಣಿಸುತ್ತೇವೆ. ಕಾಮಾಟಿಪುರದ ಗಲ್ಲಿಗಳಲ್ಲಿ ಬೆಳಗಾವಿ, ವಿಜಾಪುರದ ಕಡೆಯ ಕನ್ನಡ ಮಾತನಾಡುತ್ತ ಬದುಕಿದ ಹೆಂಗಸರನ್ನು ಯಾವ ಸ್ಮರಣಸಂಚಿಕೆಯೂ ಎಣಿಸಿಲ್ಲ. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಬರಗಾಲ ಮತ್ತು ಬಡತನದಿಂದ ಇಲ್ಲಿಯವರೆಗೆ ಬಂದವರು ಅವರಲ್ಲಿ ಎಷ್ಟೋ ಮಂದಿ. ಕರ್ನಾಟಕ ಸರಕಾರ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ಮಾಡಿದ್ದು 1982ರಲ್ಲಿ. ಅದಕ್ಕೆ ಮುಂಚೆ ಬಂದವರಿಗೆ ಅದರಿಂದ ದೊರೆತದ್ದು ಕಡಿಮೆ.

ಸಾಂಗಲಿಯ ಗೋಕುಳನಗರದಲ್ಲಿಯೂ ಉತ್ತರ ಕರ್ನಾಟಕದ ಇಂಥ ಹೆಂಗಸರು ಬಹಳ. ಅಲ್ಲಿ 1992ರಿಂದ 'ಸಂಗ್ರಾಮ್' ಎಂಬ ಸಂಸ್ಥೆ ಅವರ ನಡುವೆ ಕೆಲಸ ಮಾಡಿತು. 1996ರಲ್ಲಿ ಅವರೇ 'ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್' ಎಂಬ ತಮ್ಮ ಸಂಘ ಕಟ್ಟಿಕೊಂಡರು. ಕಾಂಡೋಮ್ ಇಲ್ಲದೆ ಗಿರಾಕಿಯನ್ನು ಒಳಗೆ ಬಿಡುವುದಿಲ್ಲವೆಂದು ಇಡೀ ಓಣಿ ಒಟ್ಟಾಗಿ ನಿಂತರೆ ಗಂಡಸು ಬಗ್ಗುತ್ತಾನೆ. ಒಬ್ಬಳೇ ಹೇಳಿದರೆ ಪಕ್ಕದ ಬಾಗಿಲಿಗೆ ಹೋಗುತ್ತಾನೆ. ಕಲ್ಕತ್ತೆಯ ಸೋನಾಗಾಛಿಯಲ್ಲೂ ಅದೇ ಕಾಲದಲ್ಲಿ ಇದೇ ಉಪಾಯ ಫಲಿಸಿತು. ದೇಶದಲ್ಲಿ ರೋಗ ಇಳಿಮುಖವಾದುದರಲ್ಲಿ ಈ ಹೆಂಗಸರ ಪಾಲು ಬಹು ದೊಡ್ಡದು. ಯಾರನ್ನು ರೋಗದ ಮೂಲವೆಂದು ನೂರಿಪ್ಪತ್ತು ವರ್ಷ ದೂರಿದರೋ ಅವರೇ ರೋಗಕ್ಕೆ ತಡೆಗೋಡೆಯಾದರು.

ಪುಣೆಯ ಅಂಕಿ, ನಮ್ಮ ರೂಮು

ಇಷ್ಟಾದರೂ ಮನೆಯೊಳಗಿನ ಹೆಂಗಸು ಸುರಕ್ಷಿತಳೆಂದೇ ಎಲ್ಲರೂ ತಿಳಿದಿದ್ದರು. ಅದು ಸುಳ್ಳೆಂದು ತೋರಿಸಿದ್ದು ಪುಣೆ. ಅಲ್ಲಿಯ ಮೇಹರೋಗ ಚಿಕಿತ್ಸಾಲಯಗಳಿಗೆ 1993ರಿಂದ 1996ರ ತನಕ ಬಂದ ಹೆಂಗಸರನ್ನು ಡಾ. ರಮಣ ಗಂಗಾಖೇಡ್ಕರ್ ಮತ್ತು ಸಂಗಡಿಗರು ಪರೀಕ್ಷಿಸಿದರು. 1997ರಲ್ಲಿ ಅದು ಪ್ರಕಟವಾಯಿತು. ಲೈಂಗಿಕ ವೃತ್ತಿಗೆ ಸಂಬಂಧವೇ ಇಲ್ಲದ ಹೆಂಗಸರಲ್ಲಿ ನೂರಕ್ಕೆ 13.6 ಮಂದಿಗೆ ಎಚ್.ಐ.ವಿ. ಇತ್ತು. ಬಹುಪಾಲು ಹೆಂಗಸರು ಗಂಡನನ್ನಲ್ಲದೆ ಬೇರೆ ಯಾರನ್ನೂ ಅರಿಯದವರು. ಚಿಕಿತ್ಸಾಲಯಕ್ಕೆ ಬಂದವರ ಲೆಕ್ಕವಿದು, ಎಲ್ಲ ಗೃಹಿಣಿಯರ ಲೆಕ್ಕವಲ್ಲ. ಆದರೂ ಪಾತಿವ್ರತ್ಯ ಈ ರೋಗಕ್ಕೆ ಮದ್ದಲ್ಲವೆಂಬುದು ಅದರಿಂದ ಸ್ಪಷ್ಟವಾಯಿತು.

ಈ ಅಂಕಿಯನ್ನು ಆ ಹುಡುಗಿ ತೋರಿಸಿದಾಗ ನನಗೆ ನಮ್ಮ ರೂಮು ನೆನಪಾಯಿತು. 1980ರ ದಶಕದಲ್ಲಿ ನಾವು ಒಂಬತ್ತು ಜನ ಹತ್ತು ಅಡಿ ಅಗಲದ ಖೋಲಿಯಲ್ಲಿ ಇದ್ದೆವು. ಕೆಲವರು ಹೋಟೆಲು, ಕೆಲವರು ಕ್ಯಾಂಟೀನು. ರಾತ್ರಿಶಾಲೆಗೆ ಹೋಗುವವರು ಮೂವರು. ವರ್ಷಕ್ಕೊಮ್ಮೆ ಊರು. ನಮ್ಮಲ್ಲೊಬ್ಬ, ಬಹಳ ನಗಿಸುವ ಹುಡುಗ, ಪಗಾರದ ಮರುದಿನ ಎಲ್ಲಿಗೆ ಹೋಗುತ್ತಾನೆಂಬುದು ನಮಗೆಲ್ಲ ಗೊತ್ತಿತ್ತು. ಅವನಿಗೆ ಹಾಗೆ ಹೋಗುವುದು ಒಂದು ಪೌರುಷ; ಹೋಗದವರನ್ನು ಹೀಯಾಳಿಸುವುದೂ ಉಂಟು. ಗೋಡೆಬರಹದ ವೈದ್ಯನೊಬ್ಬನ ಹತ್ತಿರ ಅವನು ಎರಡು ಸಲ ಔಷಧ ತಂದದ್ದೂ ನಮಗೆ ಗೊತ್ತು. 1989ರಲ್ಲಿ ಊರಿನಲ್ಲಿ ಅವನ ಮದುವೆ ಗೊತ್ತಾಯಿತು. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂದು ನಮ್ಮಲ್ಲಿ ಹಿರಿಯನೊಬ್ಬ ಹೇಳಿದ. ನಾವು ಹಣ ಕೂಡಿಸಿ ಗೋಡೆ ಗಡಿಯಾರ ಕೊಟ್ಟೆವು.

ಮೂರು ವರ್ಷಕ್ಕೆ ಅವನು ಕಡ್ಡಿಯಾಗಿ ಊರಿಗೆ ಮರಳಿದ. ಬಸ್ಸಿಗೆ ಹತ್ತಿಸಲು ಹೋದವರಲ್ಲಿ ನಾನೂ ಒಬ್ಬ. ಆಸ್ಪತ್ರೆಯ ಚೀಟಿಯಲ್ಲಿ ಏನು ಬರೆದಿತ್ತೆಂದು ಅವನೇ ನನಗೆ ತೋರಿಸಿದ್ದ; ಊರಿನಲ್ಲಿ ಟಿ.ಬಿ. ಎಂದು ಹೇಳಿದರು. ನಾವೂ ಹಾಗೆಯೇ ಹೇಳಿದೆವು. ಆ ವರ್ಷವೇ ಅವನು ತೀರಿಕೊಂಡ. ಅವನ ಹೆಂಡತಿಗೆ ಪರೀಕ್ಷೆ ಮಾಡಿಸಬೇಕೆಂದು ಒಂದು ಕಾರ್ಡು ಬರೆಯಲು ಒಂಬತ್ತು ಜನರಲ್ಲಿ ಒಬ್ಬನಿಗೂ ಕೈ ಬರಲಿಲ್ಲ. ಅವನ ಮಾನ ಹೋಗುತ್ತದೆ ಎಂದುಕೊಂಡೆವು. ಆಕೆಯ ಜೀವದ ಮಾತು ನಮ್ಮ ಲೆಕ್ಕಕ್ಕೆ ಬರಲೇ ಇಲ್ಲ. ಮುಂದೆ ಆಕೆ ಏನಾದಳೋ, ನನಗೆ ತಿಳಿಯದು.

"ಇದೇ ಮಾಮ, ನನ್ನ ವಿಷಯ" ಎಂದಳು ಆ ಹುಡುಗಿ, ಮೆಲ್ಲಗೆ.

ಬಲಬೀರ್ ಪಾಶಾ ಬಂದ

ಕೊನೆಗೊಮ್ಮೆ ಪ್ರಶ್ನೆ ಗಂಡಸಿನ ಕಡೆಗೂ ತಿರುಗಿತು. 2002ರ ಕೊನೆಯಲ್ಲಿ ಮುಂಬಯಿಯ ಸ್ಟೇಷನ್ನು, ಬಸ್ ಸ್ಟಾಪುಗಳಲ್ಲೆಲ್ಲ ಒಂದೇ ಪ್ರಶ್ನೆ ಎದ್ದು ನಿಂತಿತ್ತು: ಬಲಬೀರ್ ಪಾಶಾಗೆ ಏಡ್ಸ್ ಆಗುತ್ತದೆಯೆ? ಯಾರೀ ಪಾಶಾ ಎಂದು ಊರೆಲ್ಲ ಕೇಳಿತು. ಕಲ್ಪನೆಯ ಮನುಷ್ಯ ಅವನು. ಕುಡಿದಾಗ ಕಾಂಡೋಮ್ ಮರೆಯುವವನು, ಒಬ್ಬಳ ಹತ್ತಿರ ಮಾತ್ರ ಹೋಗುತ್ತೇನೆ ಆದ್ದರಿಂದ ಭಯವಿಲ್ಲ ಎನ್ನುವವನು. 2003ರಲ್ಲಿ ಚೆನ್ನೈಯಲ್ಲಿ 'ಪುಲಿರಾಜ' ಎಂಬ ಇನ್ನೊಬ್ಬ ಬಂದ, ಅದೇ ಪ್ರಶ್ನೆ ಹೊತ್ತು. ಜನ ನಕ್ಕರು, ಕೆಲವರು ಸಿಟ್ಟಾದರು. ಆದರೆ ಮಾತಂತೂ ಆಡಿದರು. ಅಲ್ಲಿಯೂ ರೋಗ ಕೊಡುವವಳು ಹೆಣ್ಣು, ಪಡೆಯುವವನು ಪಾಶಾ ಎಂಬ ಧ್ವನಿ ಉಳಿದಿತ್ತೆಂಬುದು ನನ್ನ ಅಭಿಪ್ರಾಯ. ಪಾಶಾನ ಹೆಂಡತಿಗೆ ಏನಾಗುತ್ತದೆ ಎಂಬ ಫಲಕ ಬಂದಿದ್ದರೆ ಒಳ್ಳೆಯದಿತ್ತು.

ನಾನು ಮುಖ ತಿರುಗಿಸುತ್ತಿದ್ದ ಗೋಡೆಬರಹಗಳನ್ನು ಓದಿದವರೂ ಇದ್ದರು. ದೇವನಾರದ ಜನಸಂಖ್ಯಾ ಅಧ್ಯಯನ ಸಂಸ್ಥೆಯ ಸಂಶೋಧಕರು ಹೊರದೇಶದ ಸಂಗಾತಿಗಳೊಡನೆ 2000ದ ದಶಕದಲ್ಲಿ ಮುಂಬಯಿಯ ಝೋಪಡಪಟ್ಟಿಗಳಲ್ಲಿ ಗಂಡಸರನ್ನು ಮಾತನಾಡಿಸಿದರು. ಏಡ್ಸ್ ಬಗ್ಗೆ ಕೇಳಿದರೆ ಬಾಯಿ ಬಿಡದವರು 'ಕಮಜೋರಿ', 'ಧಾತು' ಎಂದೊಡನೆ ಗಂಟೆಗಟ್ಟಲೆ ಹೇಳಿಕೊಂಡರು. ಹೊರಗೆ ಹುಲಿ, ಒಳಗೆ ಅಳುಕು. ತಾನು ಸಾಕಷ್ಟು ಗಂಡಸಲ್ಲವೇನೋ ಎಂಬ ಆ ಅಳುಕೇ ಅವನನ್ನು ಬೇರೆಡೆ ತನ್ನ ಪೌರುಷ ತೋರಿಸಲು, ಮನೆಯಲ್ಲಿ ಕೈ ಎತ್ತಲು ಹಚ್ಚುತ್ತಿತ್ತು. ಆ ಭಾಗದ ವೈದ್ಯರಿಗೆ, ಆಯುರ್ವೇದ ಯುನಾನಿಯವರನ್ನೂ ಸೇರಿಸಿ, ತರಬೇತಿ ಕೊಟ್ಟು ಈ ಅಳುಕಿನ ಬಾಗಿಲಿನಿಂದಲೇ ರೋಗ ತಡೆಯ ಮಾತನ್ನು ಒಳಗೆ ಒಯ್ದರು.

ಅದೇ ಕಾಲದಲ್ಲಿ ಬ್ರೆಜಿಲ್ ದೇಶದಲ್ಲಿ ಯುವಕರಿಗಾಗಿ ರೂಪಿಸಿದ್ದ ಪಾಠಕ್ರಮವೊಂದು 'ಯಾರಿ ದೋಸ್ತಿ' ಎಂಬ ಹೆಸರಿನಲ್ಲಿ ಮುಂಬಯಿಗೆ ಬಂತು. ಚೆಂಬೂರಿನ 'ಕೋರೋ' ಸಂಸ್ಥೆ ಬಸ್ತಿಗಳ ಹುಡುಗರನ್ನು ಕೂಡಿಸಿ ನಡೆಸಿತು. ಗಂಡಸು ಎಂದರೆ ಯಾರು, ಹೆಂಗಸಿನ ಒಪ್ಪಿಗೆ ಎಂದರೇನು, ಹೊಡೆತ ಏಕೆ ಎಂದು ಹುಡುಗರೇ ನಾಟಕವಾಡಿ ಚರ್ಚಿಸಿದರು. ಅಂಥ ಹುಡುಗರಲ್ಲಿ ಕಾಂಡೋಮ್ ಬಳಕೆ ಹೆಚ್ಚಿತು, ಹೊಡೆತ ಬಡಿತ ಕಡಿಮೆಯಾಯಿತೆಂದು ವರದಿ ಹೇಳಿತು. ಎಲ್ಲೆಡೆಯೂ ಹೀಗೆಯೇ ಆಯಿತೆನ್ನಲಾಗದು. ನಮ್ಮ ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ಲೈಂಗಿಕ ವೃತ್ತಿಯ ಹೆಂಗಸರ ಜತೆಗಾರ ಗಂಡಸರೊಡನೆ ಮುಂದೆ ಇಂಥದೇ ಪ್ರಯತ್ನ ನಡೆಯಿತು. ಹೆಂಗಸರ ತಿಳಿವಳಿಕೆ ಹೆಚ್ಚಿತು, ಆದರೆ ಹಿಂಸೆ ತಗ್ಗಿತೆನ್ನುವ ಪುರಾವೆ ಸಿಗಲಿಲ್ಲ. ಗಂಡಸಿನ ಸ್ವಭಾವ ಒಂದೆರಡು ವರ್ಷದ ಯೋಜನೆಗೆ ಬಗ್ಗುವಂಥದಲ್ಲ.

ಈಗಿನ ಮಾತು

2004ರ ಏಪ್ರಿಲ್ 1ರಿಂದ ಸರಕಾರಿ ಆಸ್ಪತ್ರೆಗಳಲ್ಲಿ ಎಚ್.ಐ.ವಿ.ಗೆ ಪುಕ್ಕಟೆ ಔಷಧ ಸಿಗತೊಡಗಿತು. 2011ರಲ್ಲಿ ಪ್ರಕಟವಾದ, ಚೆನ್ನೈ ಮತ್ತು ಪುಣೆಯ ದಂಪತಿಗಳೂ ಪಾಲ್ಗೊಂಡ ಅಂತರರಾಷ್ಟ್ರೀಯ ಪ್ರಯೋಗವೊಂದು, ಬೇಗನೆ ಔಷಧ ಆರಂಭಿಸಿದರೆ ಸಂಗಾತಿಗೆ ಸೋಂಕು ದಾಟುವುದು ನೂರಕ್ಕೆ 96ರಷ್ಟು ಕಡಿಮೆಯಾಗುತ್ತದೆಂದು ತೋರಿಸಿತು. ಔಷಧದಿಂದ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದರೆ ಸಂಗಾತಿಗೆ ಸೋಂಕು ದಾಟುವುದಿಲ್ಲವೆಂದು ಇಂದು ವೈದ್ಯರು ಧೈರ್ಯವಾಗಿ ಹೇಳುತ್ತಾರೆ. 2017ರ ಕಾನೂನು ಸೋಂಕಿತರಿಗೆ ಕೆಲಸ, ಶಾಲೆ, ಚಿಕಿತ್ಸೆಗಳಲ್ಲಿ ಭೇದ ಮಾಡಬಾರದೆಂದು ವಿಧಿಸಿದೆ. ಗಂಡಸು ಗಂಡಸನ್ನು ಪ್ರೀತಿಸುವುದು 2018ರ ಸೆಪ್ಟೆಂಬರಿನಿಂದ ಅಪರಾಧವಲ್ಲ. ಆದುದರಿಂದ ಅವರೂ ಅಂಜದೆ ಆಸ್ಪತ್ರೆಗೆ ಬರಬಹುದು.

ಆದರೂ 2023ರ ಅಂದಾಜಿನಂತೆ ದೇಶದಲ್ಲಿ 25 ಲಕ್ಷಕ್ಕೂ ಮಿಕ್ಕ ಜನ ಈ ಸೋಂಕಿನೊಡನೆ ಬದುಕುತ್ತಿದ್ದಾರೆ. ಮದ್ದು ಇದೆ, ಪರೀಕ್ಷೆ ಪುಕ್ಕಟೆ, ಪರೀಕ್ಷೆಗೆ ಹೋಗಬೇಕಲ್ಲ! ಬಸುರಿಯಾದ ಹೆಂಗಸನ್ನು ಆಸ್ಪತ್ರೆಯೇ ಪರೀಕ್ಷಿಸುತ್ತದೆ. ಗಂಡಸು ತಾನಾಗಿ ಹೋಗಬೇಕು, ತನಗೇನಾಗಿದೆ ಎಂಬ ಹಮ್ಮಿನಲ್ಲಿ ಅವನು ಹೋಗುವುದಿಲ್ಲ. 2007ರಲ್ಲಿ ಮಹಾರಾಷ್ಟ್ರ, ಕರ್ನಾಟಕ ಮೊದಲಾದ ರಾಜ್ಯಗಳು ಶಾಲೆಗಳಲ್ಲಿನ ಹದಿಹರೆಯದ ಶಿಕ್ಷಣವನ್ನು ಸಂಸ್ಕೃತಿಯ ಹೆಸರಿನಲ್ಲಿ ತಡೆದಾಗ ನಮ್ಮಲ್ಲಿ ಬಹಳ ಮಂದಿ ಒಳ್ಳೆಯದಾಯಿತೆಂದೇ ಅಂದೆವು. ನಾನೂ ಅಂದವನೇ. ಶಾಲೆ ಹೇಳದಿದ್ದರೆ ಗೋಡೆ ಹೇಳುತ್ತದೆ ಎಂಬುದು ಆಗ ಹೊಳೆಯಲಿಲ್ಲ.

ಇಂದಿಗೂ ಊರಿನಿಂದ ಹುಡುಗರು ಬರುತ್ತಿದ್ದಾರೆ. ಹೋಟೆಲಿಗೆ, ಕಟ್ಟಡದ ಕೆಲಸಕ್ಕೆ, ಸಾಮಾನು ತಲುಪಿಸುವ ಕೆಲಸಕ್ಕೆ. ರೂಮಿನಲ್ಲಿ ಈಗಲೂ ಎಂಟು ಹತ್ತು ಜನ. ನಮ್ಮ ಸಂಘ ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಕಣ್ಣು ತಪಾಸಣೆಯ ಶಿಬಿರ ನಡೆಸುತ್ತದೆ. ಅದರ ಜತೆಗೆ ಒಂದು ಕೊಠಡಿಯಲ್ಲಿ, ಹೆಸರು ಬಯಲಾಗದಂತೆ, ಈ ಪರೀಕ್ಷೆಯನ್ನೂ ಏರ್ಪಡಿಸಬೇಕೆಂದೂ, ಮೊದಲು ಕಾರ್ಯಕಾರಿ ಸಮಿತಿಯ ನಾವು ಗಂಡಸರೇ ಅದಕ್ಕೆ ಕೈಚಾಚಬೇಕೆಂದೂ ನಾನು ಮುಂದಿನ ಸಭೆಯಲ್ಲಿ ಸೂಚಿಸಲಿದ್ದೇನೆ. ಅನುಮೋದಿಸುವವರು ಇದ್ದಾರೆಂದು ನಂಬಿದ್ದೇನೆ.

ಆ ಹುಡುಗಿ ಹೊರಡುವಾಗ ನನ್ನ ಹೆಂಡತಿ ಒಳಗಿನಿಂದ ಬಂದು ಕುಂಕುಮ ಕೊಟ್ಟು, "ನಿನ್ನ ಪುಸ್ತಕ ಆದ ಮೇಲೆ ಕನ್ನಡದಲ್ಲೂ ಬರಿ ಮಗಾ, ನಾನು ಓದುತ್ತೇನೆ" ಎಂದಳು. ಬಾಗಿಲ ಹಿಂದೆ ನಿಂತು ಅವಳು ಅಷ್ಟನ್ನೂ ಕೇಳಿಸಿಕೊಂಡಿದ್ದಳು. ಆ ಗೋಡೆ ಗಡಿಯಾರದ ಕಥೆಯನ್ನು ನಾನು ಅವಳಿಗೂ ಆವರೆಗೆ ಹೇಳಿರಲಿಲ್ಲ.